ಕೋಳಿಯಲ್ಲೂ ಜಿರಲೆಯಲ್ಲೂ ಪ್ರೊವೆಂಟ್ರಿಕ್ಯುಲಸ್ ಬಿಡಿಸಿ ನೋಡುವುದು ಹೇಗೆ?

ಪ್ರಾಣಿಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪೊಂದಿದೆ: ಜೀರ್ಣನಾಳದ ಒಂದು ಭಾಗವಾದ ಪ್ರೊವೆಂಟ್ರಿಕ್ಯುಲಸ್ ಕೋಳಿಯಲ್ಲಿ ಆಹಾರವನ್ನು ಅರೆಯುತ್ತದೆ ಎಂದೋ, ಜಿರಲೆಯ ಪ್ರೊವೆಂಟ್ರಿಕ್ಯುಲಸ್ ಆಮ್ಲ ಸ್ರವಿಸುತ್ತದೆ ಎಂದೋ ಬರೆಯುವುದು. ಎರಡಕ್ಕೂ ಒಂದೇ ಹೆಸರು ಬಂದಿರುವುದು ಅವು ಇರುವ ಜಾಗದಿಂದ ಮಾತ್ರ. ವೆಂಟ್ರಿಕ್ಯುಲಸ್‌ಗಿಂತ ಮುಂದೆ ಇರುವುದು ಎಂಬುದಷ್ಟೇ ಅದರ ಅರ್ಥ. ಹಕ್ಕಿಯಲ್ಲಿ ವೆಂಟ್ರಿಕ್ಯುಲಸ್ ಎಂದರೆ ಅರೆಯುವ ಗಿಜರ್ಡ್, ಕೀಟದಲ್ಲಿ ಜೀರ್ಣರಸ ಸ್ರವಿಸುವ ನಡುಗರುಳು. ಹೀಗಾಗಿ ಹಕ್ಕಿಯಲ್ಲಿ ರಸ ಮೊದಲು, ಅರೆಯುವಿಕೆ ನಂತರ. ಜಿರಲೆಯಲ್ಲಿ ಅರೆಯುವ ಅಂಗವೇ ಮುಂದೆ, ರಸ ಹುಟ್ಟುವ ಅಂಗ ಹಿಂದೆ. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಮಧ್ಯಾಹ್ನ ಎರಡನ್ನೂ ಬಿಡಿಸಿ ನೋಡುವುದು ಮೇಲು.

ಮೊದಲು ಕೋಳಿ. ಅಂಗಡಿಯವರು ಗಿಜರ್ಡನ್ನು ಶುಚಿಮಾಡುವಾಗ ಪ್ರೊವೆಂಟ್ರಿಕ್ಯುಲಸನ್ನು ಕತ್ತರಿಸಿ ಕರುಳಿನ ಜೊತೆ ಎಸೆದುಬಿಡುತ್ತಾರೆ. ಆದ್ದರಿಂದ ಅನ್ನನಾಳದಿಂದ ಕರುಳಿನವರೆಗೆ ಎಲ್ಲವನ್ನೂ ಬಿಡಿಸದೆ ಕೊಡುವಂತೆ ಮುಂಚೆಯೇ ಹೇಳಿರಬೇಕು. ನಾಟಿಕೋಳಿಯದ್ದನ್ನೇ ತನ್ನಿ. ನುಣ್ಣಗೆ ಪುಡಿಮಾಡಿದ ಆಹಾರ ತಿಂದು ಬೆಳೆದ ಕೋಳಿಯಲ್ಲಿ ಗಿಜರ್ಡಿಗೆ ಕೆಲಸ ಕಡಿಮೆಯಾಗಿ ಅದು ಸಣ್ಣದಾಗಿಯೂ, ಪ್ರೊವೆಂಟ್ರಿಕ್ಯುಲಸ್ ಸಡಿಲವಾಗಿ ಉಬ್ಬಿಯೂ ಇರುವ ಸಾಧ್ಯತೆಯಿದ್ದು, ಎರಡರ ನಡುವಿನ ಗಡಿ ಮಸುಕಾಗುತ್ತದೆ. ಕೈಗವಸು ಹಾಕಿಕೊಳ್ಳಿ, ಅಡುಗೆಮನೆಯ ಮಣೆಯನ್ನಾಗಲಿ ಚಾಕುವನ್ನಾಗಲಿ ಬಳಸಬೇಡಿ.

ಗಟ್ಟಿಯಾದ, ಚಪ್ಪಟೆ ಉಂಡೆಯಂಥ ಗಿಜರ್ಡನ್ನು ಗುರುತಿಸಿ, ಅಲ್ಲಿಂದ ಅನ್ನನಾಳದ ಕಡೆಗೆ ಹಿಂದಿರುಗಿ ಬನ್ನಿ. ಹೆಬ್ಬೆರಳಿನಷ್ಟು ದಪ್ಪಗೆ, ಕದಿರಿನ ಆಕಾರದಲ್ಲಿ ಉಬ್ಬಿರುವ ಭಾಗವೇ ಪ್ರೊವೆಂಟ್ರಿಕ್ಯುಲಸ್. ಪಕ್ಕದಲ್ಲಿ ಕೆಂಪು-ಕಂದು ಬಣ್ಣದ ಪುಟ್ಟ ಗೋಲಿಯಂಥ ಗುಲ್ಮ ಕಂಡರೆ ಜಾಗ ಸರಿಯಾಗಿದೆ ಎಂದೇ ತಿಳಿಯಿರಿ. ಅನ್ನನಾಳದಿಂದ ಗಿಜರ್ಡಿನವರೆಗೆ ಒಂದೇ ಉದ್ದಗೀಟಿನಲ್ಲಿ ಕತ್ತರಿಸಿ ತೆರೆಯಿರಿ; ಅಡ್ಡ ಕೊಯ್ದರೆ ಮೂರು ಭಾಗಗಳ ಒಳಮೈಯನ್ನು ಹೋಲಿಸುವ ಅವಕಾಶ ತಪ್ಪುತ್ತದೆ. ಅನ್ನನಾಳದ ನಯವಾದ ಮಡಿಕೆಗಳು ಮುಗಿದ ಕೂಡಲೇ ದಪ್ಪ ಗೋಡೆಯ ಮೇಲೆ ಸಣ್ಣ ಸಣ್ಣ ಗುಬ್ಬಿಗಳು ಬರಿಗಣ್ಣಿಗೇ ಕಾಣುತ್ತವೆ. ಒಂದೊಂದು ಗುಬ್ಬಿಯ ತುದಿಯಲ್ಲೂ ಗ್ರಂಥಿಯ ಬಾಯಿ ಇದೆ. ಸಸ್ತನಿಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಬಗೆಯ ಕೋಶ, ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್‌ನ ಪೂರ್ವರೂಪವಾದ ಪೆಪ್ಸಿನೋಜನ್‌ಗೆ ಇನ್ನೊಂದು ಬಗೆಯ ಕೋಶ ಇದ್ದರೆ, ಹಕ್ಕಿಯ ಈ ಗ್ರಂಥಿಗಳಲ್ಲಿ ಎರಡನ್ನೂ ಒಂದೇ ಬಗೆಯ ಕೋಶ ಸ್ರವಿಸುತ್ತದೆ. ಗುಬ್ಬಿಗಳ ತುದಿಯಲ್ಲಿ ರಕ್ತದ ಚುಕ್ಕೆಗಳು ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ; ಅದು ರಾಣಿಖೇತ್ ರೋಗದ ಗುರುತೂ ಆಗಿರಬಹುದು.

ನೀಲಿ ಲಿಟ್ಮಸ್ ಇಟ್ಟರೆ ಕೆಂಪಾಗುತ್ತದೆ, ಆದರೆ ಗಿಜರ್ಡಿನಲ್ಲೂ ಹಾಗೆಯೇ ಆಗುತ್ತದೆ. ಆಮ್ಲ ಆಹಾರದೊಂದಿಗೆ ಕೆಳಗಿಳಿಯುತ್ತದೆ. ಗಿಜರ್ಡು ಅರೆದದ್ದನ್ನು ಮೇಲಕ್ಕೆ ತಳ್ಳುವುದೂ ಉಂಟು. ಹಾಗಾಗಿ ಆಮ್ಲ ಹುಟ್ಟುವ ಜಾಗವನ್ನು ಲಿಟ್ಮಸ್ ತೋರಿಸಲಾರದು, ಗುಬ್ಬಿಗಳೇ ತೋರಿಸುತ್ತವೆ. ಗಿಜರ್ಡಿನ ಒಳಗಿನ ಹಳದಿ ಪೊರೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ: ಆ ಗಡಸು ಪೊರೆ ಗುಬ್ಬಿಗಳಿರುವ ಕಡೆ ಎಲ್ಲೂ ಇಲ್ಲ.

ಇನ್ನು ಜಿರಲೆ. ಹೆಚ್ಚಿನವರು ಕೈಸೋಲುವುದು ಇಲ್ಲಿಯೇ. ಸುಮಾರು 4 ಸೆಂಟಿಮೀಟರ್ ಉದ್ದದ ಅಮೆರಿಕನ್ ಜಿರಲೆಯನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ರೆಕ್ಕೆ ಕಾಲುಗಳನ್ನು ಕತ್ತರಿಸಿ, ಬೆನ್ನು ಮೇಲಾಗಿ ಮೇಣದ ತಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿ, ಮುಳುಗುವಷ್ಟು ನೀರು ಹಾಕಿ. ಫಾರ್ಮಾಲಿನ್‌ನಲ್ಲಿಟ್ಟು ಮಾರುವ ಜಿರಲೆಗಳನ್ನು ಕೊಳ್ಳಬೇಡಿ. ಅವುಗಳ ಕರುಳು ಬಿರುಸಾಗಿ ಮುಟ್ಟಿದರೆ ಮುರಿಯುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಬರುವ ಮೊಂಡು ಕತ್ತರಿಗಿಂತ ಕಸೂತಿಯ ಚೂಪು ಕತ್ತರಿ ಎಷ್ಟೋ ಉತ್ತಮ.

ಬೆನ್ನಿನ ಫಲಕಗಳನ್ನು ಎರಡೂ ಅಂಚುಗಳಲ್ಲಿ ಹಿಂದಿನಿಂದ ಮುಂದಕ್ಕೆ ಕತ್ತರಿಸಿ ಎತ್ತಿ, ಬಿಳಿ ಕೊಬ್ಬನ್ನು ಮೃದು ಕುಂಚದಿಂದ ಸರಿಸಿ. ಆಗ ಕಾಣುವ ದೊಡ್ಡ ಚೀಲವನ್ನೇ ಪ್ರೊವೆಂಟ್ರಿಕ್ಯುಲಸ್ ಎಂದು ಬರೆದುಕೊಳ್ಳುವವರು ಬಹಳ. ಅದು ಆಹಾರ ಕೂಡಿಡುವ ಕ್ರಾಪ್. ತಲೆಯ ಕಡೆಯಿಂದ ಹುಡುಕುತ್ತಾ ಬರಬೇಡಿ, ಕರುಳನ್ನು ಎಳೆಯಲೂ ಬೇಡಿ. ಎಳೆದರೆ ಅದು ಬೇಕಾದ ಜಾಗದಲ್ಲೇ ಹರಿಯುತ್ತದೆ. ಮೊದಲು ಬೆರಳುಗಳಂತೆ ಚಾಚಿಕೊಂಡಿರುವ, ತುದಿ ಮುಚ್ಚಿದ ಎಂಟು ನಾಳಗಳನ್ನು ಹುಡುಕಿ. ಅವು ನಡುಗರುಳಿನ ಆರಂಭ. ಹಳದಿ ದಾರಗಳಂಥ, ವಿಸರ್ಜನೆಯ ಕೆಲಸ ಮಾಡುವ ಮಾಲ್ಪೀಘಿ ನಾಳಗಳು ಕಂಡರೆ ನೀವು ನಡುಗರುಳಿನ ಆಚೆ ತುದಿಗೆ ಬಂದಿದ್ದೀರಿ, ಹಿಂದಿರುಗಬೇಕು. ಆ ಎಂಟು ನಾಳಗಳಿಗೂ ಕ್ರಾಪಿಗೂ ನಡುವೆ, ಸೂಜಿಯ ತುದಿಗೆ ಗಟ್ಟಿಯಾಗಿ ತಗಲುವ ಪುಟ್ಟ ಶಂಕುವೇ ಪ್ರೊವೆಂಟ್ರಿಕ್ಯುಲಸ್.

ಎರಡೂ ಬದಿಯಲ್ಲಿ ಸ್ವಲ್ಪ ಕರುಳು ಉಳಿಸಿ ಅದನ್ನು ಬೇರ್ಪಡಿಸಿ, ಕ್ರಾಪಿನ ಕಡೆಯಿಂದ ಕತ್ತರಿಯ ತುದಿಯನ್ನು ಒಳಗೆ ಹಾಕಿ ಉದ್ದಕ್ಕೆ ಸೀಳಿ. ಕತ್ತರಿ ತಡೆದರೆ ಬಲ ಹಾಕಬೇಡಿ. ಹಲ್ಲಿಗೆ ತಾಗಿದೆ ಎಂದರ್ಥ. ತುಂಡನ್ನು ತುಸು ತಿರುಗಿಸಿ ಎರಡು ಹಲ್ಲುಗಳ ನಡುವೆ ದಾರಿ ಮಾಡಿಕೊಳ್ಳಿ. ಬಳಿಕ ಪ್ರಯೋಗಾಲಯದಲ್ಲಿ, ಕನ್ನಡಕ ಧರಿಸಿ, ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಯಿಡಬೇಕು. ಹೊರಗಿನ ಸ್ನಾಯು ಕರಗುತ್ತದೆ, ಕೈಟಿನ್ (ಕೀಟದ ಹೊರಕವಚದಲ್ಲಿರುವ ಗಡಸು ವಸ್ತು) ಇರುವ ಒಳಪದರ ಉಳಿಯುತ್ತದೆ. ಸಮಯ ಉಳಿಸಲೆಂದು ಸ್ನಾಯುವನ್ನು ಸೂಜಿಯಿಂದ ಕೆರೆಯುವವರು ಹಲ್ಲನ್ನೂ ಕೆರೆದು ಹಾಕುತ್ತಾರೆ. ತೊಳೆದು, ಗ್ಲಿಸರಿನ್‌ನಲ್ಲಿ ಹರಡಿ ನೋಡಿದರೆ ಆರು ಕಂದು ಹಲ್ಲುಗಳು, ಅವುಗಳ ಹಿಂದೆ ರೋಮ ತುಂಬಿದ ದಿಂಬುಗಳು ಕಾಣುತ್ತವೆ. ಹಲ್ಲುಗಳು ಅರೆಯುತ್ತವೆ, ರೋಮಗಳು ಒರಟು ಚೂರುಗಳನ್ನು ತಡೆಯುತ್ತವೆ. ನಡುಗರುಳಿನ ರಸ ಇದೇ ದಾರಿಯಲ್ಲಿ ಕ್ರಾಪಿಗೆ ಹಿಂದಕ್ಕೆ ಹರಿಯುವುದರಿಂದ ಜೀರ್ಣಕ್ರಿಯೆಯ ಬಹುಭಾಗ ಕ್ರಾಪಿನಲ್ಲೇ ನಡೆಯುತ್ತದೆ.

ಎಲ್ಲ ಕೀಟಗಳಲ್ಲೂ ಹಲ್ಲು ಸಿಗುವುದಿಲ್ಲ. ಜೇನುನೊಣದಲ್ಲಿ ಇದು ನಾಲ್ಕು ತುಟಿಗಳ ಕವಾಟ. ಮಕರಂದವನ್ನು ಜೇನುಚೀಲದಲ್ಲೇ ಬಿಟ್ಟು ಪರಾಗವನ್ನು ಮಾತ್ರ ಸೋಸಿ ಒಳಗೆ ಕಳಿಸುತ್ತದೆ. ಇಲಿಚಿಗಟದಲ್ಲಿ ಒಳಮೈ ತುಂಬ ಮುಳ್ಳುಗಳಿವೆ. ಪ್ಲೇಗಿನ ಬ್ಯಾಕ್ಟೀರಿಯಾ ಆ ಮುಳ್ಳುಗಳ ನಡುವೆ ಬೆಳೆದು ದಾರಿಯನ್ನು ಕಟ್ಟಿದಾಗ, ಹಸಿದ ಚಿಗಟ ಹೀರಿದ ರಕ್ತ ಒಳಗಿಳಿಯದೆ ಬ್ಯಾಕ್ಟೀರಿಯಾದೊಂದಿಗೆ ಕಚ್ಚಿದ ಗಾಯಕ್ಕೇ ಮರಳುತ್ತದೆ ಎಂಬುದನ್ನು ಸಂಶೋಧಕರಾದ ಬೇಕಾಟ್ ಮತ್ತು ಮಾರ್ಟಿನ್ 1914ರಲ್ಲಿ ತೋರಿಸಿದರು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಇದು ಯಾರಿಗೂ ಗೊತ್ತಿರಲಿಲ್ಲ. ಆ ಮುಳ್ಳುಗಳನ್ನು ನೋಡಬೇಕೆಂದರೆ ಬೆಕ್ಕಿನ ಮೈಯಿಂದ ಹೆಕ್ಕಿದ ಚಿಗಟ ಸಾಕು: ಅದನ್ನು ಕೊಯ್ಯಬೇಕಾಗಿಲ್ಲ, ಅದೇ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಡಿಯಾಗಿ ನೆನೆಯಿಟ್ಟರೆ ಮೈ ಪಾರದರ್ಶಕವಾಗಿ ಮುಳ್ಳಿನ ಗೊಂಚಲು ಹೊರಗಿನಿಂದಲೇ ಕಾಣುತ್ತದೆ.