ನೀರುಳ್ಳಿ ಬಿಟ್ಟ ನಾಲ್ಕು ವಾರ, ಮತ್ತೆ ಹಿಡಿದ ಹತ್ತು ವಾರ

ಬೇಸಿಗೆಯಲ್ಲಿ ಕುಮಟೆಯ ಅಳ್ವೆಕೋಡಿ, ಹಂದಿಗೋಣದ ಕಡೆ ಬಂದವರು ನೋಡಿರುತ್ತೀರಿ, ಹೆದ್ದಾರಿಯ ಪಕ್ಕ ಜಡೆಯಂತೆ ಹೆಣೆದ ನೀರುಳ್ಳಿ ಗೊಂಚಲುಗಳು ತೂಗಾಡುತ್ತಿರುತ್ತವೆ. ನಮ್ಮ ಮನೆ ಅಲ್ಲಿಂದ ದೂರವೇನಲ್ಲ. ಮಳೆಗಾಲಕ್ಕೆ ಸಾಲುವಷ್ಟು ಗೊಂಚಲುಗಳನ್ನು ಕೊಂಡು ಆಯಿ ಅಡಿಗೆಮನೆಯ ಜಂತಿಗೆ ಕಟ್ಟುತ್ತಾಳೆ. ಇಂಥ ಮನೆಯ ಮಗ ಎಂಟು ತಿಂಗಳು ನೀರುಳ್ಳಿ ಮುಟ್ಟಲಿಲ್ಲವೆಂಬುದು ಅವಳ ಪಾಲಿಗೆ ನನ್ನ ಕಾಯಿಲೆಗಿಂತ ದೊಡ್ಡ ಸುದ್ದಿಯಾಗಿತ್ತು.

ಕಾಯಿಲೆಗೆ ಆಗ ಹೆಸರಿರಲಿಲ್ಲ. ಊಟವಾಗಿ ಎರಡು ತಾಸಿಗೆ ಹೊಟ್ಟೆ ತಮಟೆಯಾಗುತ್ತಿತ್ತು, ನುಲಿಯುತ್ತಿತ್ತು, ಬೆಳಿಗ್ಗೆ ಮೂರು ನಾಲ್ಕು ಸಲ ಓಡಬೇಕಾಗುತ್ತಿತ್ತು. ನಾನು ಶಿರಸಿಯಲ್ಲಿ ಲೆಕ್ಕ ಬರೆಯುವವನು, ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಮರಳುವವನು. ದೇವಿಮನೆ ಘಾಟಿಯ ತಿರುವುಗಳಲ್ಲಿ ಬಸ್ಸು ನಿಲ್ಲಿಸಿ ಎಂದು ಕಂಡಕ್ಟರನಿಗೆ ಹೇಳುವ ಸಂಕಟ ಅನುಭವಿಸಿದವರಿಗೇ ಗೊತ್ತು. ಕೊನೆಕೊನೆಗೆ ಭಾನುವಾರ ರಾತ್ರಿಯ ಊಟವನ್ನೇ ಬಿಟ್ಟುಬಿಟ್ಟೆ.

ಮೊದಲ ಸಲ ನಾನೇ ವೈದ್ಯನಾದೆ. ಯಾರದೋ ಮಾತು ಕೇಳಿ, ಒಂದು ಪ್ರಯೋಗಾಲಯಕ್ಕೆ ಸಾವಿರಾರು ರೂಪಾಯಿ ಕೊಟ್ಟು 'ಆಹಾರ ಅಸಹಿಷ್ಣುತೆ'ಯ ರಕ್ತಪರೀಕ್ಷೆ ಮಾಡಿಸಿದೆ. ವರದಿಯಲ್ಲಿ ಅಕ್ಕಿ, ತೆಂಗು, ಬಾಳೆ, ಹಾಲು, ಗೋಧಿ ಎಲ್ಲ ಕೆಂಪು ಬಣ್ಣದಲ್ಲಿದ್ದವು. ಅಕ್ಕಿ ಮತ್ತು ತೆಂಗು ಬಿಟ್ಟ ಉತ್ತರ ಕನ್ನಡದವನು ತಿನ್ನುವುದಾದರೂ ಏನನ್ನು? ಆ ಪರೀಕ್ಷೆ ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು, ಅದು ನಾವು ಹೆಚ್ಚಾಗಿ ತಿನ್ನುವ ಪದಾರ್ಥಗಳಿಗೆ ಸಹಜವಾಗಿ ಇರುವಂಥದ್ದು, ರೋಗದ ಗುರುತಲ್ಲ ಎಂಬುದು ಆಮೇಲೆ ತಿಳಿಯಿತು. ಅಂದರೆ ನನ್ನ ದಿನಚರಿಯನ್ನೇ ನನಗೆ ಹಣ ತೆಗೆದುಕೊಂಡು ಓದಿ ಹೇಳಿದ್ದರು.

ಅಕ್ಕಿ, ತೆಂಗು, ಬಾಳೆಗಳನ್ನು ಉಳಿಸಿಕೊಂಡು ಗೋಧಿ, ಹಾಲು, ನೀರುಳ್ಳಿ, ಬೆಳ್ಳುಳ್ಳಿ, ಬೇಳೆ ಎಲ್ಲವನ್ನೂ ಒಂದೇ ದಿನ ಬಿಟ್ಟೆ. ಎರಡು ವಾರದಲ್ಲಿ ಹೊಟ್ಟೆ ತಣ್ಣಗಾಯಿತು. ತೊಂದರೆ ಶುರುವಾದದ್ದು ಅಲ್ಲಿಂದ. ಐದರಲ್ಲಿ ಯಾವುದು ಕಳ್ಳ ಎಂದು ಗೊತ್ತಿಲ್ಲ, ಒಂದನ್ನು ಒಳಗೆ ಬಿಟ್ಟು ನೋಡಲು ಧೈರ್ಯವಿಲ್ಲ. ಹೀಗೆ ಎಂಟು ತಿಂಗಳು ಕಳೆದವು, 6 ಕಿಲೋ ತೂಕ ಇಳಿಯಿತು. ಉಪನಯನದ ಪಂಕ್ತಿಯಲ್ಲಿ ಡಬ್ಬಿ ಬಿಚ್ಚಿ ಕುಳಿತವನನ್ನು ನೋಡಿ ಬಡಿಸುವವರು ಗೊಂದಲಗೊಳ್ಳುತ್ತಿದ್ದರು, ಕಡೆಗೆ ನಾನು ಮಂಗಲಕಾರ್ಯಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಹೊಟ್ಟೆ ನೋವಿರಲಿಲ್ಲ, ನಿಜ. ಊಟದ ಭಯವಿತ್ತು.

ತೂಕ ಇಳಿದದ್ದನ್ನು ನೋಡಿ ಹೆಂಡತಿ ಹುಬ್ಬಳ್ಳಿಯ ಒಬ್ಬ ತಜ್ಞ ವೈದ್ಯರಲ್ಲಿಗೆ ಕರೆದೊಯ್ದಳು. ಅವರು ಕೇಳಿದ ಮೊದಲ ಪ್ರಶ್ನೆ, "ಗೋಧಿ ಬಿಡುವ ಮೊದಲು ಸೀಲಿಯಾಕ್ ಪರೀಕ್ಷೆ ಮಾಡಿಸಿದ್ದೀರಾ?" ಆ ಹೆಸರನ್ನೇ ನಾನು ಕೇಳಿರಲಿಲ್ಲ. ಗೋಧಿಯಲ್ಲಿರುವ ಪ್ರೋಟೀನಾದ ಗ್ಲುಟೆನ್‌ನಿಂದ ಸಣ್ಣಕರುಳಿನ ಒಳಪದರಕ್ಕೇ ಹಾನಿಯಾಗುವ ರೋಗವದು, ಇದ್ದರೆ ಜೀವನವಿಡೀ ಗೋಧಿ ಬಿಡಬೇಕು. ಆದರೆ ಗೋಧಿ ತಿನ್ನುತ್ತಿರುವಾಗ ಮಾತ್ರ ಆ ರಕ್ತಪರೀಕ್ಷೆಯನ್ನು ನಂಬಬಹುದು. ಬಿಟ್ಟು ತಿಂಗಳುಗಳಾದರೆ ಪ್ರತಿಕಾಯ ಇಳಿದು, ರೋಗವಿದ್ದರೂ ಇಲ್ಲವೆಂದು ತೋರಿಸಬಹುದು. ಹಾಗಾಗಿ ಆರು ವಾರ ದಿನಕ್ಕೆ ಎರಡು ಚಪಾತಿ ತಿಂದು ಬರಬೇಕಾಯಿತು. ಆ ಆರು ವಾರಗಳನ್ನು ನೆನೆಯಲಾರೆ. ಸೀಲಿಯಾಕ್ ಇರಲಿಲ್ಲ. ಉಳಿದ ಪರೀಕ್ಷೆಗಳೂ ಸರಿಯಿದ್ದವು. ಇದು ಐಬಿಎಸ್ (ಇರಿಟೇಬಲ್ ಬವೆಲ್ ಸಿಂಡ್ರೋಮ್), ಅಂದರೆ ಕರುಳಿನ ರಚನೆಯಲ್ಲಿ ದೋಷವಿಲ್ಲ, ನಡವಳಿಕೆಯಲ್ಲಿದೆ ಎಂದರು. ಮಲದಲ್ಲಿ ರಕ್ತ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಪಥ್ಯದ ಮಾತೇ ಬೇಡ, ಮೊದಲು ತಪಾಸಣೆ ಎಂದೂ ಹೇಳಿದರು.

ಅಲ್ಲಿಯ ಆಹಾರತಜ್ಞೆ ಕೊಟ್ಟದ್ದು ಫಾಡ್‌ಮ್ಯಾಪ್ ಪಥ್ಯ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಈ ವಿಧಾನದ ತಿರುಳು ಸರಳವಾಗಿದೆ. ಫಾಡ್‌ಮ್ಯಾಪ್ ಎಂದು ಕರೆಯುವ ಕೆಲವು ಬಗೆಯ ಸಕ್ಕರೆಗಳು ಸಣ್ಣಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ನೀರನ್ನು ಎಳೆದುಕೊಳ್ಳುತ್ತವೆ, ದೊಡ್ಡಕರುಳಿಗೆ ಹೋಗಿ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ಹುಳಿತು ಅನಿಲವಾಗುತ್ತವೆ. ಅನಿಲ ಎಲ್ಲರ ಹೊಟ್ಟೆಯಲ್ಲೂ ಆಗುತ್ತದೆ, ನಮ್ಮಂಥವರ ಕರುಳು ಅದನ್ನು ನೋವೆಂದು ಓದುತ್ತದೆ. ಗೋಧಿ, ನೀರುಳ್ಳಿ, ಬೆಳ್ಳುಳ್ಳಿಗಳಲ್ಲಿರುವುದು ಫ್ರುಕ್ಟಾನ್ ಎಂಬ ಇಂಥ ಸಕ್ಕರೆ. ಗ್ಲುಟೆನ್ ತನಗಾಗುವುದಿಲ್ಲ ಎನ್ನುವ ಹಲವರಿಗೆ ತೊಂದರೆ ಕೊಡುವುದು ಗ್ಲುಟೆನ್ ಅಲ್ಲ, ಈ ಫ್ರುಕ್ಟಾನ್ ಎಂದು 2018ರಲ್ಲಿ ಪ್ರಕಟವಾದ ನಾರ್ವೆಯ ಪ್ರಯೋಗವೊಂದು ತೋರಿಸಿದೆ. ಎರಡರಿಂದ ಆರು ವಾರ ಬಿಡುವುದು, ಮತ್ತೆ ಒಂದೊಂದಾಗಿ ತಿಂದು ಪರೀಕ್ಷಿಸುವುದು, ಕೊನೆಗೆ ತನ್ನದೇ ಊಟ ಹೊಂದಿಸಿಕೊಳ್ಳುವುದು ಅದರ ಕ್ರಮ. "ಆರು ವಾರ ದಾಟಿ ಬಿಟ್ಟುಕೊಂಡೇ ಕುಳಿತರೆ ನನ್ನ ಹತ್ತಿರ ಬರಬೇಡಿ" ಎಂದು ಆಕೆ ನಗುತ್ತಲೇ ಹೇಳಿದ್ದರು.

ಆಷಾಢದ ಮಳೆಯಲ್ಲಿ ಶುರುಮಾಡಿದೆವು. ಮಾಡಿದೆವು ಎನ್ನಬೇಕು, ಅಡಿಗೆ ಹೆಂಡತಿಯದು. ನಮ್ಮ ಸೀಮೆಯ ಊಟದಲ್ಲಿ ಇದು ಅಂದುಕೊಂಡಷ್ಟು ಕಷ್ಟವಲ್ಲ. ತೆಳ್ಳೇವು, ಅನ್ನ, ಸೌತೆಕಾಯಿ ಪಲ್ಯ, ಬದನೆಕಾಯಿ ಗೊಜ್ಜು, ಉಪ್ಪಿನಲ್ಲಿಟ್ಟ ಅಪ್ಪೆಮಿಡಿಯ ಅಪ್ಪೆಹುಳಿ ಇವೆಲ್ಲ ನಡೆಯುತ್ತವೆ. ಕಷ್ಟವಾದದ್ದು ಕಣ್ಣಿಗೆ ಬೀಳದ ವಸ್ತುಗಳಿಂದ. ಎರಡನೆಯ ವಾರವೂ ಹೊಟ್ಟೆ ಪೂರ್ತಿ ಸುಮ್ಮನಾಗದಿದ್ದಾಗ ಹೆಂಡತಿ ಇಂಗಿನ ಡಬ್ಬಿಯನ್ನು ಬೆಳಕಿಗೆ ಹಿಡಿದು ಅಂಚಿನ ಸಣ್ಣ ಅಕ್ಷರ ಓದಿದಳು. ಅದರಲ್ಲಿ ಗೋಧಿಹಿಟ್ಟಿತ್ತು! ಮಾರುಕಟ್ಟೆಯ ಹೆಚ್ಚಿನ ಇಂಗು ಹಾಗೆಯೇ, ಹಿಟ್ಟು ಬೆರೆಸಿ ಕಟ್ಟಿದ್ದು. ಒಗ್ಗರಣೆಯ ಚಿಟಿಕೆಯಿಂದ ಏನೂ ಆಗಲಿಕ್ಕಿಲ್ಲ, ಆದರೂ ಆ ನಾಲ್ಕು ವಾರದ ಮಟ್ಟಿಗೆ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ನಿಜವಾಗಿ ಕಾಡಿದ್ದು ಸಾರಿನ ಪುಡಿ. ಅಂಗಡಿಯಿಂದ ತಂದ ಪೊಟ್ಟಣದಲ್ಲಿ ಬೆಳ್ಳುಳ್ಳಿ ಪುಡಿಯಿತ್ತು.

ಬೆಳ್ಳುಳ್ಳಿಯ ಘಮವಿಲ್ಲದೆ ನನಗೆ ಊಟ ಇಳಿಯುವುದಿಲ್ಲ. ಅದಕ್ಕೊಂದು ಉಪಾಯವಿದೆ. ಫ್ರುಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಕೊಬ್ಬರಿ ಎಣ್ಣೆ ಕಾಯಿಸಿ, ಜಜ್ಜದ ಎಸಳುಗಳನ್ನು ಹೊಂಬಣ್ಣಕ್ಕೆ ಹುರಿದು, ಎಸಳನ್ನೆಲ್ಲ ತೆಗೆದು ಎಣ್ಣೆಯನ್ನಷ್ಟೇ ಒಗ್ಗರಣೆಗೆ ಬಳಸಬೇಕು. ಅದೇ ಎಸಳನ್ನು ಸಾರಿನಲ್ಲಿ ಕುದಿಸಿ ಆಮೇಲೆ ಆರಿಸಿ ತೆಗೆದರೆ ಉಪಯೋಗವಿಲ್ಲ, ಫ್ರುಕ್ಟಾನ್ ಆಗಲೇ ಸಾರಿಗೆ ಇಳಿದಿರುತ್ತದೆ.

ನಾವು ಬಾಡಿಗೆಗಿರುವ ಮನೆಯ ಒಡತಿ ಅಜ್ಜಿ ಚಾತುರ್ಮಾಸ್ಯದ ವ್ರತ ಹಿಡಿಯುವವರು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ನನ್ನ ಪಟ್ಟಿಯನ್ನು ಕೇಳಿಸಿಕೊಂಡ ಅಜ್ಜಿ, "ನಿಮ್ಮದು ಎಲ್ಲ ಒಟ್ಟಿಗೇ? ಮತ್ತೆ ಯಾವ ದ್ವಾದಶಿಗೆ ವ್ರತ ಬಿಡುತ್ತೀರಿ?" ಎಂದರು. ಅವರ ವ್ರತ ದೇವರಿಗಾಗಿ, ನನ್ನದು ಹೊಟ್ಟೆಗಾಗಿ, ಹೋಲಿಸುವುದು ಸರಿಯಲ್ಲ. ಆದರೂ ಅವರ ಪ್ರಶ್ನೆ ನೆಟ್ಟಿತು. ಅವರ ಮೊಸರಿಗೆ ಎಲೆಗೆ ಮರಳುವ ದಿನ ಗೊತ್ತಿತ್ತು. ನನ್ನ ಎಂಟು ತಿಂಗಳಿಗೆ ಅಂಥ ದಿನವೇ ಇರಲಿಲ್ಲ.

ಮರಳಿ ತರುವ ಕೆಲಸಕ್ಕೆ ಹತ್ತು ವಾರ ಹಿಡಿಯಿತು. ಒಂದು ಪದಾರ್ಥ, ಮೂರು ದಿನ, ದಿನದಿಂದ ದಿನಕ್ಕೆ ಅಳತೆ ಹೆಚ್ಚು, ಮತ್ತೆ ಮೂರು ದಿನ ಬಿಡುವು. ಬೇಯಿಸಿದ ನೀರುಳ್ಳಿ ಮೊದಲ ದಿನ ಒಂದು ಚಮಚ, ಎರಡನೆಯ ದಿನ ಎರಡು, ಮೂರನೆಯ ದಿನ ನಾಲ್ಕು. ಲೆಕ್ಕದ ಹಳೆಯ ಪುಸ್ತಕವೊಂದರಲ್ಲಿ ಖರ್ಚಿನ ಅಂಕಣಕ್ಕೆ ತಿಂದದ್ದನ್ನೂ ಜಮೆಯ ಅಂಕಣಕ್ಕೆ ನೋವನ್ನೂ ಬರೆದೆ. ಬೇಳೆಯ ಪರೀಕ್ಷೆಯ ನಡುವೆ ಚೌತಿ ಬಂತು. ಕಡಲೆಬೇಳೆಯ ಪಂಚಕಜ್ಜಾಯ ಮೂರು ಮುಷ್ಟಿ ತಿಂದು ಆ ವಾರದ ಪುಟವನ್ನೇ ಹೊಡೆದುಹಾಕಬೇಕಾಯಿತು. ಬೇಸರವಿಲ್ಲ, ಪಂಚಕಜ್ಜಾಯ ಚೆನ್ನಾಗಿತ್ತು.

ನನ್ನ ಕಣ್ಣು ತೆರೆಸಿದ್ದು ಕಷಾಯ. ಹೊಟ್ಟೆಗೆ ಒಳ್ಳೆಯದೆಂದು ಕೊತ್ತಂಬರಿ, ಜೀರಿಗೆಯ ಕಷಾಯವನ್ನು ದಿನಕ್ಕೆ ಮೂರು ಸಲ, ಅರ್ಧಕ್ಕರ್ಧ ಹಾಲು ಹಾಕಿ ಕುಡಿಯುತ್ತಿದ್ದವನು ನಾನು. ಹಾಲಿನ ಪರೀಕ್ಷೆಯ ದಿನ ಲೋಟ ಕೆಳಗಿಟ್ಟು ಹತ್ತು ನಿಮಿಷಕ್ಕೆ ಹೊಟ್ಟೆ ನುಲಿಯಿತು. ಹೆಂಡತಿಗೆ ಅನುಮಾನ ಬಂತು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕರುಳಿನಲ್ಲಿ ಇಳಿದು ಹುಳಿಯಲು ಅರ್ಧ ತಾಸಾದರೂ ಬೇಕಲ್ಲವೇ? ಅವಳು ಲ್ಯಾಕ್ಟೋಸ್ ಇಲ್ಲದ ಹಾಲಿನ ಪೊಟ್ಟಣವನ್ನೂ ತರಿಸಿ, ಯಾವ ದಿನ ಯಾವುದೆಂದು ಹೇಳದೆ ಕಷಾಯ ಮಾಡಿ ಕೊಟ್ಟಳು. ಆ ಹಾಲು ಒಂದಿಷ್ಟು ಸಿಹಿ, ಆದರೆ ಬೆಲ್ಲ ಹಾಕಿದ ಕಷಾಯದಲ್ಲಿ ಗುರುತು ಸಿಗುವುದಿಲ್ಲ. ಆರು ದಿನದಲ್ಲಿ ನಾಲ್ಕು ದಿನ ನೋವೆಂದು ಬರೆದಿದ್ದೆ. ಅವಳ ಚೀಟಿ ತೆಗೆದು ನೋಡಿದರೆ ನಾಲ್ಕರಲ್ಲಿ ಮೂರು ಲ್ಯಾಕ್ಟೋಸ್ ಇಲ್ಲದ ದಿನಗಳು! ನೋವು ಸುಳ್ಳಾಗಿರಲಿಲ್ಲ. ಅದನ್ನು ತಂದದ್ದು ಹಾಲಲ್ಲ, ಹಾಲಿನ ಭಯ. ಒಂದು ಲೋಟ ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಅದು ಜೀರ್ಣವಾಗದ ಹೆಚ್ಚಿನವರೂ ಅಷ್ಟನ್ನು ತಾಳಿಕೊಳ್ಳುತ್ತಾರೆ ಎಂದು ಆಹಾರತಜ್ಞೆ ಮೊದಲೇ ಹೇಳಿದ್ದರು, ನಾನು ನಂಬಿರಲಿಲ್ಲ.

ಬೆಳ್ಳುಳ್ಳಿ ಮಾತ್ರ ನಿಜವಾದ ಕಳ್ಳ. ಅರ್ಧ ಎಸಳಿಗೂ ಸಿಕ್ಕಿಬೀಳುತ್ತದೆ. ಗೋಧಿ ಎರಡು ಚಪಾತಿಯವರೆಗೆ ಸರಿ, ಮೂರನೆಯದು ಬೇಡ. ಸೀಲಿಯಾಕ್ ಪರೀಕ್ಷೆಗೆಂದು ಚಪಾತಿ ತಿಂದ ಆ ಆರು ವಾರಗಳ ಸಂಕಟಕ್ಕೆ ಚಪಾತಿಗಿಂತ ಅದರ ಜೊತೆಯ ಬೆಳ್ಳುಳ್ಳಿ ಚಟ್ನಿಯೇ ಕಾರಣವಿರಬೇಕು. ತೊಗರಿಬೇಳೆಯನ್ನು ರಾತ್ರಿ ನೆನೆಸಿ ನೀರು ಚೆಲ್ಲಿ ಬೇಯಿಸಿದರೆ ಒಂದು ಸೌಟು ಹುಳಿ ನಡೆಯುತ್ತದೆ.

ಇಷ್ಟು ತಿಳಿಯಲು ಇಷ್ಟೆಲ್ಲ ಬೇಕಿತ್ತೇ ಎಂದು ಕೇಳುವವರಿದ್ದಾರೆ. ನನಗೆ ಬೇಕಿತ್ತು. ಆದರೆ ಎಲ್ಲರಿಗೂ ಹೇಳಲಾರೆ. ಐಬಿಎಸ್ ಇರುವವರಲ್ಲೂ ಹಲವರಿಗೆ ಇದರಿಂದ ಏನೂ ಗುಣ ಸಿಗುವುದಿಲ್ಲ, ಅವರು ಆರು ವಾರಕ್ಕೆ ನಿಲ್ಲಿಸಿ ಬೇರೆ ದಾರಿ ಹುಡುಕಬೇಕು. ಫ್ರುಕ್ಟಾನ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟವೂ ಹೌದು, ಬಹುಕಾಲ ಬಿಟ್ಟರೆ ಅವು ಸೊರಗುತ್ತವೆ. ಹಾಲು ಬಿಟ್ಟವರಿಗೆ ಸುಣ್ಣಾಂಶದ ಕೊರತೆ. ಮಕ್ಕಳಿಗೆ, ಬಸುರಿಯರಿಗೆ, ಮೊದಲೇ ಊಟ ಕಂಡರೆ ಹೆದರುವವರಿಗೆ ಇದನ್ನು ಮನೆಯಲ್ಲಿ ಮಾಡಿ ನೋಡಿ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನನ್ನ ಅಕ್ಕನ ಮಗನಿಗೆ ಚರ್ಮ ತುರಿಸುತ್ತದೆಂದು ಹಾಲು, ಗೋಧಿ ಎಲ್ಲ ಬಿಡಿಸಲು ಹೊರಟಾಗ ನಾನೇ ಜಗಳವಾಡಿ ಮಕ್ಕಳ ವೈದ್ಯರಲ್ಲಿಗೆ ಕಳಿಸಿದೆ. ಇಸುಬಿರುವ ಮಗುವಿಗೆ ಒಂದು ಆಹಾರವನ್ನು ಬಹುಕಾಲ ಬಿಡಿಸಿ ಮತ್ತೆ ಕೊಟ್ಟರೆ ಆಗ ನಿಜವಾದ ಅಲರ್ಜಿಯೇ ತಿರುಗಿ ಬೀಳಬಹುದು.

ನೀರುಳ್ಳಿಯ ಲೆಕ್ಕ ಕೊನೆಗೆ ಉಳಿಯಿತು. ಬೇಯಿಸಿದ್ದು ನಾಲ್ಕು ಚಮಚಕ್ಕೆ ತಕರಾರಿರಲಿಲ್ಲ. ಹಸಿಯದನ್ನು ಹೊಸ ಬೆಳೆ ಬಂದ ಮೇಲೆ ಊರಲ್ಲೇ ನೋಡೋಣವೆಂದು ಬಿಟ್ಟಿದ್ದೆ. ಏಪ್ರಿಲ್‌ನ ಒಂದು ಭಾನುವಾರ ಆಯಿ ಮಜ್ಜಿಗೆ ಅನ್ನದ ಜೊತೆ ಎಲೆಯ ತುದಿಗೆ ಅರ್ಧ ನೀರುಳ್ಳಿ ಇಟ್ಟಳು. ನಾನದನ್ನು ಮತ್ತೆ ಅರ್ಧ ಮಾಡಿ, ಒಂದನ್ನು ಬದಿಗೆ ಸರಿಸಿದೆ.

"ಅದನ್ನೇಕೆ ಬಿಟ್ಟೆ ತಮಾ?"

"ಬಿಟ್ಟದ್ದಲ್ಲ ಆಯಿ, ನಾಳೆಗೆ."

ಸೋಮವಾರ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಘಾಟಿ ಹತ್ತುವಾಗ ನಿದ್ದೆ ಬಂದಿತ್ತು.