ಒಂದೂವರೆ ಎಂ.ಎಲ್.ನ ತಪ್ಪು

ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಅರಿವಳಿಕೆ ವೈದ್ಯೆಯಾಗಿ ಸೇರಿದ ಹೊಸತರಲ್ಲಿ ನನಗೆ ಬಿ.ಪಿ.ಯದೇ ಹೆದರಿಕೆ. ಸಿಸೇರಿಯನ್‌ಗೆಂದು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ ಎರಡು ಮೂರು ನಿಮಿಷಕ್ಕೇ 120 ಇದ್ದದ್ದು 75ಕ್ಕೆ ಇಳಿಯುತ್ತಿತ್ತು. ತಾಯಿ ಬೆವರುತ್ತ ವಾಂತಿ ಬರುತ್ತದೆ ಎನ್ನುವಳು, ನಾನು ಬಿ.ಪಿ. ಏರಿಸುವ ಮೆಫೆಂಟರ್ಮಿನ್ ಸಿರಿಂಜಿಗೆ ಕೈ ಹಾಕುವೆನು. ಈ ಪಾಡು ಬೇಡವೆಂದು ಬೆನ್ನಿಗೆ ಕೊಡುವ ಜೋಮಿನ ಮದ್ದು ಬುಪಿವಕೇನ್ ಹೆವಿಯನ್ನೇ ಕಡಿಮೆ ಮಾಡುತ್ತ ಬಂದೆ. ಕುಳ್ಳಗಿರುವವರಿಗಂತೂ ಇನ್ನೂ ಕಡಿಮೆ.

ಒಂದು ದಿನ 146 ಸೆಂ.ಮೀ. ಎತ್ತರದ ತಾಯಿಯೊಬ್ಬಳು ಬಂದಳು. ಮೊದಲನೆಯದೂ ಸಿಸೇರಿಯನ್, ಇದು ದಿನ ಗೊತ್ತುಮಾಡಿದ ಎರಡನೆಯದು. ಶೇ. 0.5ರ ಹೆವಿ ಒಂದೂವರೆ ಎಂ.ಎಲ್., ಅಂದರೆ 7.5 ಮಿ.ಗ್ರಾಂ. ಕೊಟ್ಟೆ. ಜೊತೆಗೆ ನೋವು ನಿವಾರಕ ಫೆಂಟನಿಲ್ ಸೇರಿಸಲಿಲ್ಲ. ಸರ್ಜನ್ ಕೆಳಹೊಟ್ಟೆಯ ಚರ್ಮವನ್ನು ಫೋರ್ಸೆಪ್ಸ್‌ನಿಂದ ಚಿವುಟಿ ನೋಡಿದರು, ತಾಯಿ ಕದಲಲಿಲ್ಲ, ನಾನು ತಲೆಯಾಡಿಸಿದೆ. ಬಿ.ಪಿ. ಅಲುಗಲಿಲ್ಲ. ಒಳಗೊಳಗೇ ಬೀಗಿದೆ.

ಮಗು ಬಂತು, ಅತ್ತಿತು. ಹೊಲಿಗೆ ಹಾಕಲು ಗರ್ಭಕೋಶವನ್ನು ಹೊರಗೆ ಎತ್ತಿದ ಕೂಡಲೇ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಳೆಗಳನ್ನು ವಾರ್ಡಿನಲ್ಲೇ ತೆಗೆಸಿದ್ದರು, ಉಗುರುಗಳು ಮಾತ್ರ ಇದ್ದವು. "ಡಾಕ್ಟರಮ್ಮಾ, ಒಳಗೆ ಕರುಳು ಕಿತ್ತಂತಾಗುತ್ತಿದೆ." ಕೈ ನಿಲ್ಲಿಸಿ ಎಂದು ಸರ್ಜನ್‌ಗೆ ಹೇಳಿ, ರಕ್ತನಾಳಕ್ಕೆ ಫೆಂಟನಿಲ್, ಸ್ವಲ್ಪ ಕೆಟಮಿನ್ ಕೊಟ್ಟು ಹೇಗೋ ಮುಗಿಸಿದೆವು. ಮರುದಿನ ವಾರ್ಡಿಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. "ಎಲ್ಲರಿಗೂ ಹೀಗೇ ಆಗುತ್ತದೆ ಅಂದುಕೊಂಡೆ" ಎಂದಳು. ಬೈದಿದ್ದರೆ ವಾಸಿಯಿತ್ತು.

ಕೆಳಹೊಟ್ಟೆಯ ಚರ್ಮ ಜೋಮು ಹಿಡಿದರೆ ಸಾಲದು. ಗರ್ಭಕೋಶ ಎಳೆದಾಗ, ಹೊಟ್ಟೆಯೊಳಗಿನ ಪೊರೆ ಒರೆಸಿದಾಗ ಹುಟ್ಟುವ ನೋವು ಎದೆಯ ಮಟ್ಟದ ನರಗಳ ಮೂಲಕ ಒಳಬರುತ್ತದೆ. ಮೊಲೆತೊಟ್ಟಿನ ಮಟ್ಟದವರೆಗೆ, ನಮ್ಮ ಲೆಕ್ಕದಲ್ಲಿ ಟಿ4, ತಣ್ಣಗಿನ ಅನುಭವ ಹೋಗಿರಬೇಕು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಸಿಸೇರಿಯನ್‌ಗೆ ಬುಪಿವಕೇನ್ ಹೆವಿ ಎಷ್ಟು ಬೇಕೆಂದು 2004ರಲ್ಲಿ ಗಿನೋಸಾರ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನವನ್ನು ಆ ರಾತ್ರಿ ಮತ್ತೆ ತೆರೆದೆ. ಫೆಂಟನಿಲ್, ಮಾರ್ಫಿನ್ ಜೊತೆಗಿದ್ದೂ ಅರ್ಧದಷ್ಟು ತಾಯಂದಿರಿಗೆ ಮಾತ್ರ ಸಾಲುವ ಪ್ರಮಾಣ 7.6 ಮಿ.ಗ್ರಾಂ. ನೂರಕ್ಕೆ 95 ಮಂದಿಗೆ ಸಾಲಬೇಕಾದರೆ 11.2. ನಾನು ಕೊಟ್ಟದ್ದು ನಾಣ್ಯ ಚಿಮ್ಮಿಸುವ ಪ್ರಮಾಣ, ಅದೂ ಫೆಂಟನಿಲ್ ಇಲ್ಲದೆ.

ಈಗ ಹೆಚ್ಚಿನವರಿಗೆ 2 ಎಂ.ಎಲ್. ಹೆವಿ, ಜೊತೆಗೆ 20 ಮೈಕ್ರೋಗ್ರಾಂ ಫೆಂಟನಿಲ್. ಎತ್ತರದವರಿಗೆ 2.2. ತೀರಾ ಕುಳ್ಳಗಿದ್ದರೆ 1.8, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಫೆಂಟನಿಲ್ಲನ್ನು ಇನ್ಸುಲಿನ್ ಸಿರಿಂಜಿನಲ್ಲಿ ಎಳೆಯುತ್ತೇವೆ: ಕೆಂಪು ಮುಚ್ಚಳದ, ಎಂ.ಎಲ್.ಗೆ 40 ಗೆರೆಯ ಸಿರಿಂಜಾದರೆ 16 ಗೆರೆ. ಒಮ್ಮೆ ಸಿಸ್ಟರ್ ಕಿತ್ತಳೆ ಮುಚ್ಚಳದ 100ರದ್ದು ಕೈಗಿತ್ತಿದ್ದರು. ಅದರಲ್ಲಿ 16 ಗೆರೆ ಎಳೆದಿದ್ದರೆ ಬರಿಯ 8 ಮೈಕ್ರೋಗ್ರಾಂ ಹೋಗುತ್ತಿತ್ತು. ಆಂಪೂಲಿನ ಹೆಸರನ್ನು ಈಗ ಗಟ್ಟಿಯಾಗಿ ಓದಿಯೇ ಒಡೆಯುವುದು. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ಡಿನ ಆಂಪೂಲು ಬುಪಿವಕೇನ್ ಆಂಪೂಲಿನಂತೆಯೇ ಕಂಡು ಬೆನ್ನಿಗೆ ಹೋದ ಪ್ರಕರಣಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಬಿ.ಪಿ.? ಅದನ್ನು ಇಳಿಯದಂತೆ ಹಿಡಿಯಲು ಫೆನೈಲೆಫ್ರಿನ್ ಮದ್ದಿನ ಪಂಪ್ ಇದೆ. 10 ಮಿ.ಗ್ರಾಂ. ಆಂಪೂಲನ್ನು 100 ಎಂ.ಎಲ್. ಸಲೈನ್‌ಗೆ ಬೆರೆಸಿ, ಬೆನ್ನಿಗೆ ಮದ್ದು ಹೋಗುತ್ತಿದ್ದಂತೆಯೇ ಗಂಟೆಗೆ 15 ಎಂ.ಎಲ್. ಶುರು, ಬೇಕಾದರೆ 30ರವರೆಗೆ. ಇಳಿಯುವುದಕ್ಕೆ ಕಾಯುವುದಿಲ್ಲ. ನಾಡಿ ತೀರಾ ನಿಧಾನವಾದರೆ ತಗ್ಗಿಸುತ್ತೇನೆ. ಬಲ ಸೊಂಟದ ಕೆಳಗೆ ಮಡಿಸಿದ ಬೆಡ್‌ಶೀಟ್ ಇಟ್ಟು ಹೊಟ್ಟೆಯನ್ನು ಎಡಕ್ಕೆ ವಾಲಿಸುವುದು ಹಳೆಯ ಉಪಾಯವೇ. ಬಿ.ಪಿ. ಇಳಿದರೆ ಏರಿಸಬಹುದು, ಹೊಟ್ಟೆ ತೆರೆದ ಮೇಲೆ ಬೆನ್ನಿಗೆ ಇನ್ನರ್ಧ ಎಂ.ಎಲ್. ಕೊಡಲು ಬರುವುದಿಲ್ಲ. ಹೆಚ್ಚಿಸಿದ್ದಕ್ಕೆ ಬೆಲೆಯೂ ಇದೆ: ಫೆಂಟನಿಲ್‌ನಿಂದ ಮೂಗು ತುರಿಸುತ್ತದೆ, ಕೆಲವರಿಗೆ ಜೋಮು ಮೇಲಕ್ಕೇರಿ ಕೈಬೆರಳು ಜುಮ್ಮೆಂದು ಉಸಿರು ಭಾರವೆನಿಸುತ್ತದೆ. ಅಂಥವರಿಗೆ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿಯಲು ಹೇಳಿ, ಹಿಡಿತವನ್ನೂ ಮಾತನ್ನೂ ಗಮನಿಸುತ್ತ ತಲೆಯ ಹತ್ತಿರವೇ ನಿಲ್ಲುತ್ತೇನೆ.

ಹೋದ ವಾರದ ತಾಯಿ 143 ಸೆಂ.ಮೀ. 1.8 ಎಂ.ಎಲ್. ಕೊಟ್ಟೆ. ಸ್ಪಿರಿಟ್ ಹತ್ತಿಯನ್ನು ಹೊಟ್ಟೆಯಿಂದ ಮೇಲಕ್ಕೆ ಮುಟ್ಟಿಸುತ್ತ ಹೋದೆ. ಸರ್ಜನ್ ಫೋರ್ಸೆಪ್ಸ್ ಹಿಡಿದು ನನ್ನತ್ತ ನೋಡಿದರು. ಪಕ್ಕೆಲುಬಿನ ಅಂಚಿನಲ್ಲಿ "ತಣ್ಣಗಿದೆ" ಎಂದಳು. ಇನ್ನೂ ಮೂರು ನಿಮಿಷ ಬೇಕು ಎಂದೆ.