ಮಟಮಟ ಮಧ್ಯಾಹ್ನ ಹಕ್ಕಿ ನೋಡುವುದು: ಅಘನಾಶಿನಿ ಅಳಿವೆಯಲ್ಲಿ ನನ್ನ ಅನುಭವ

ಹಕ್ಕಿ ನೋಡಲು ಬೆಳಗ್ಗೆ ಆರಕ್ಕೇ ಹೊರಡಬೇಕು ಅನ್ನುವುದು ಕಾಡಿಗೆ ಸರಿ, ಕೆರೆಗೂ ಸರಿ. ನದಿ ಕಡಲು ಸೇರುವ ಅಳಿವೆಗೆ ಅಲ್ಲ. ಇದನ್ನು ನಮ್ಮ ಗುಂಪಿನಲ್ಲಿ ಮೊದಲು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. “ಉರಿಬಿಸಿಲಲ್ಲಿ ಎಂಥ ಹಕ್ಕಿ ಸಿಗ್ತದೆ ಮಾರಾಯ, ತಲೆನೋವು ಸಿಗ್ತದೆ ಅಷ್ಟೆ” ಅಂದರು. ಈಗ ಅದೇ ಜನ ಅಮಾವಾಸ್ಯೆ ಹತ್ತಿರ ಬಂತೆಂದರೆ ಫೋನ್ ಮಾಡಿ “ಎಷ್ಟು ಗಂಟೆಗೆ ಕೂರ್ತೀಯ?” ಅಂತ ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ದೋಣಿ ಬಾಡಿಗೆಗೆ ಹಿಡಿದೆ. ಒಂದು ಬೆಳಗ್ಗೆಗೆ ಸಾವಿರದೈನೂರರಿಂದ ಎರಡು ಸಾವಿರ. ಕುಮಟಾ ಹತ್ತಿರದ ತದಡಿಯಿಂದ ಮಿರ್ಜಾನ್ ಕಡೆಗೆ ಎಷ್ಟು ಸಲ ಹೋದರೂ ಕಥೆ ಒಂದೇ. ಇಂಜಿನ್ ಬಂದ್ ಮಾಡಿ ಹುಟ್ಟು ಹಾಕಿದರೂ ಕರ್ಲ್ಯೂ (ಉದ್ದ ಬಾಗಿದ ಕೊಕ್ಕಿನ ದೊಡ್ಡ ಹಕ್ಕಿ) ನೂರು ಮೀಟರ್ ಆಚೆಯೇ ಎದ್ದು ಹೋಗುತ್ತದೆ. ಅದರ ಹಿಂದೆ ಉಳಿದವೂ ಏಳುತ್ತವೆ. ಆಮೇಲೆ ಅಡಗಿ ಕೂರುವ ಟೆಂಟ್ ತರಿಸಿದೆ, ನಾಲ್ಕೂವರೆ ಸಾವಿರದ ಹತ್ತಿರ. ಕಡಲ ಗಾಳಿಗೆ ಬಟ್ಟೆ ಪಟಪಟ ಅಂದು, ಹತ್ತಿರ ಬರಬೇಕಾದ ಹಕ್ಕಿಯೂ ದೂರ ಹೋಯಿತು. ಒಳಗೆ ಕೂತವರಿಗೆ ಬೇಯಿಸಿದ ಹಾಗೆ ಸೆಕೆ. ಕೊನೆಗೆ ಹಳೇ ಸ್ಪಾಟಿಂಗ್ ಸ್ಕೋಪ್ ಅನ್ನುವ ದುರ್ಬೀನು, ಇಪ್ಪತ್ತೆಂಟು ಸಾವಿರವೋ ಏನೋ. ದೂರದ ಹಕ್ಕಿ ದೊಡ್ಡದಾಗಿ ಕಂಡಿತು ನಿಜ, ಆದರೆ ಕಾದ ಕೆಸರಿನ ಮೇಲೆ ಗಾಳಿ ಕುಣಿಯುವಾಗ ಅಲ್ಲಿ ಮೇಯುವ ಸಣ್ಣ ಹಕ್ಕಿಗಳಲ್ಲಿ ಪ್ಲೋವರ್ ಯಾವುದು, ಸ್ಯಾಂಡ್‌ಪೈಪರ್ ಯಾವುದು ಅಂತಲೇ ಗೊತ್ತಾಗದು. ಒಟ್ಟು ಐವತ್ತು ಸಾವಿರದ ಹತ್ತಿರ ಹೋಗಿದೆ. ಈಗ ಬಳಸುತ್ತಿರುವುದು ಬೈನಾಕ್ಯುಲರ್, ಕ್ಯಾಮೆರಾ, ಒಂದು ಚಾಪೆ, ಕೆಸರು ಬಣ್ಣದ ಹಳೇ ಬೆಡ್‌ಶೀಟ್.

ಹಕ್ಕಿಯ ಹಿಂದೆ ಹೋಗಬೇಡಿ, ನೀರೇ ಅವನ್ನು ತರುತ್ತದೆ. ನನ್ನ ವಿದ್ಯೆ ಇಷ್ಟೇ. ಇಳಿತದಲ್ಲಿ ಹಕ್ಕಿಗಳು ಇಡೀ ಕೆಸರು ಬಯಲಲ್ಲಿ ಚೆದುರಿ ಮೇಯುತ್ತಿರುತ್ತವೆ. ಭರತ ಏರಿದ ಹಾಗೆ ಕಾಲಡಿಯ ಜಾಗ ಮುಳುಗುತ್ತದೆ, ಅವು ಹಿಂದೆ ಹಿಂದೆ ಸರಿಯುತ್ತವೆ, ಕೊನೆಗೆ ಉಳಿದ ಒಂದೆರಡು ಎತ್ತರದ ತುಂಡು ನೆಲದಲ್ಲಿ ಒತ್ತಾಗಿ ನಿಲ್ಲುತ್ತವೆ. ಆ ತುಂಡಿನ ಹತ್ತಿರ ನೀವು ಮೊದಲೇ ಕೂತಿರಬೇಕು. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಹಗಲಿನ ಭರತ ತುಂಬುವುದು ಹೆಚ್ಚುಕಮ್ಮಿ ಹನ್ನೊಂದು–ಹನ್ನೆರಡಕ್ಕೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಆ ದಿನಗಳಲ್ಲಿ ಬೆಳಗ್ಗೆ ಆರಕ್ಕೆ ಹೋದವರಿಗೆ ಸಿಗುವುದು ಖಾಲಿ ಕೆಸರು, ಅರ್ಧ ಕಿಲೋಮೀಟರ್ ಆಚೆ ಚುಕ್ಕಿಗಳು. ಕಾರವಾರದ ಭರತದ ಪಟ್ಟಿ ನೋಡಿದರೆ ಸಾಕು, ಆದರೆ ಅದು ಕಡಲ ಲೆಕ್ಕ. ಅಳಿವೆಯ ಒಳಗೆ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಡೆಗೆ ಅರ್ಧ ಗಂಟೆಯಾದರೂ ತಡ ಹಿಡಿಯಬೇಕು.

ನಾನು ಭರತ ತುಂಬುವ ಎರಡು–ಎರಡೂವರೆ ಗಂಟೆ ಮುಂಚೆ ಗಜನಿ ಒಡ್ಡಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಸರಿಯಾಗಿ ಕೂತಿದ್ದೇನಾ ಅಂತ ಹೇಳುವುದು ಕೆಸರಿನ ಸಣ್ಣ ಏಡಿಗಳು, ಗಂಡಿಗೆ ಒಂದೇ ದೊಡ್ಡ ಕೊಂಬು ಇರುವ ಜಾತಿ. ನೀವು ಬಂದ ಕೂಡಲೇ ಎಲ್ಲ ಬಿಲ ಸೇರುತ್ತವೆ. ಅಲುಗದೆ ಕೂತರೆ ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಕೊಂಬು ಬೀಸಲು ಶುರು ಮಾಡುತ್ತವೆ. ಏಡಿ ಬಂದರೆ ಹಕ್ಕಿಯೂ ಬರುತ್ತದೆ. ಏಡಿ ಬರದಿದ್ದರೆ ನೀವು ಇನ್ನೂ ಅಲುಗಾಡುತ್ತಿದ್ದೀರಿ ಅಂತಲೇ ಅರ್ಥ.

ಕಳೆದ ಜನವರಿಯ ಒಂದು ಮಧ್ಯಾಹ್ನ ಟೆರೆಕ್ ಸ್ಯಾಂಡ್‌ಪೈಪರ್ ಒಂದು ನನ್ನ ಚಾಪೆಯಿಂದ ಎಂಟು–ಹತ್ತು ಅಡಿಯಲ್ಲಿ ಓಡಾಡಿತು. ಮೇಲಕ್ಕೆ ಬಾಗಿದ ಕೊಕ್ಕು, ಗಿಡ್ಡ ಹಳದಿ ಕಾಲು. ತಲೆ ತಗ್ಗಿಸಿ ಏಡಿಯ ಹಿಂದೆ ಓಡಿತು, ಹಿಡಿಯಿತು, ನೇರ ನೀರಿನ ಅಂಚಿಗೆ ಹೋಗಿ ಕೆಸರು ತೊಳೆದು ನುಂಗಿತು. ಮತ್ತೆ ಓಡಿತು. ಕರ್ಲ್ಯೂ ಹಾಗಲ್ಲ. ದೊಡ್ಡ ಏಡಿ ಸಿಕ್ಕರೆ ಕೊಡವಿ ಕೊಡವಿ ಕಾಲು ಉದುರಿಸಿ ಆಮೇಲೆ ನುಂಗುತ್ತದೆ. ದೋಣಿಯಲ್ಲಿ ಹೋದಾಗ ನೂರು ಮೀಟರ್ ಹತ್ತಿರಕ್ಕೂ ಬಿಡದ ಹಕ್ಕಿ ಇದೇ. ಅವತ್ತು ಸ್ಯಾಂಡ್ ಪ್ಲೋವರ್‌ಗಳೇ ಏಳೆಂಟು ನೂರು ಇದ್ದವು. ಒಂಟಿ ಕಾಲಲ್ಲಿ, ಕೊಕ್ಕು ಬೆನ್ನಿಗೆ ಸಿಕ್ಕಿಸಿ, ಒಂದು ಕಣ್ಣು ಆಗಾಗ ತೆರೆದು. ಇಷ್ಟು ಹತ್ತಿರದಿಂದ ಈ ಅಳಿವೆಯಲ್ಲಿ ತೆಗೆದ ಫೋಟೊ ಬೇರೆಯವರ ಹತ್ತಿರ ನಾನು ನೋಡಿಲ್ಲ.

ಕೂರುವ ಜಾಗ ಯಾವುದು, ಗಾಳಿ ಯಾವ ಕಡೆಯಿಂದ ಇದ್ದರೆ ಯಾವ ಒಡ್ಡು, ಇದನ್ನು ಮಾತ್ರ ಹೇಳುವುದಿಲ್ಲ. 2024ರಲ್ಲಿ ಅಳಿವೆ ರಾಮ್ಸಾರ್ ಪಟ್ಟಿಗೆ (ಮುಖ್ಯ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿದ ಮೇಲೆ ಕ್ಯಾಮೆರಾ ಹಿಡಿದು ಬರುವವರು ಜಾಸ್ತಿ ಆಗಿದ್ದಾರೆ. ಭರತದ ಹೊತ್ತಲ್ಲಿ ಹಕ್ಕಿಗೆ ಬೇರೆ ಜಾಗವೇ ಇರುವುದಿಲ್ಲ. ಎಬ್ಬಿಸಿದರೆ ನೀರಿನ ಮೇಲೆ ಸುತ್ತುತ್ತಲೇ ಇರಬೇಕು, ದೂರದ ಊರಿಗೆ ಹೋಗಲು ಕೂಡಿಟ್ಟ ಕೊಬ್ಬು ಅಲ್ಲೇ ಕರಗುತ್ತದೆ. ಹಾರುವ ಫೋಟೊ ಬೇಕು ಅಂತ ಚಪ್ಪಾಳೆ ತಟ್ಟಿದವರನ್ನು ನಾನೇ ನೋಡಿದ್ದೇನೆ. ಅಂಥವರ ಜೊತೆ ಮತ್ತೆ ಹೋಗಿಲ್ಲ. ಎದ್ದು ಬರುವುದೂ ನೀರು ಇಳಿದು ಹಕ್ಕಿಗಳು ಚೆದುರಿದ ಮೇಲೆಯೇ. ಹಾಗಾಗಿ ಒಟ್ಟು ನಾಲ್ಕೈದು ಗಂಟೆ ಲೆಕ್ಕ ಹಿಡಿಯಿರಿ, ನೀರು ಜಾಸ್ತಿ ಒಯ್ಯಿರಿ.

ನಡುವೆ ಬೇರೆ ಪ್ರಯೋಗವೂ ನಡೆದಿದೆ. ಒಡ್ಡಿನ ಮೇಲೆ ಮೀನಿನ ಪೊರೆ, ಏಡಿ ಚಿಪ್ಪು ತುಂಬಿದ ಹಿಕ್ಕೆ ಕಂಡು ನೀರುನಾಯಿ ಅಂತ ಖಾತ್ರಿಯಾಯಿತು. ಅವು ಹಿಕ್ಕೆ ಹಾಕಲು ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತವಲ್ಲ, ಒಂದಷ್ಟು ಸಂಜೆ ಅಲ್ಲೇ ಕಾದೆ. ಮುಸ್ಸಂಜೆಗೆ ಮೂರು ತಲೆ ನೀರಲ್ಲಿ ಸಾಲಾಗಿ ಬಂದವು, ಫೋಟೊ ಬರುವಷ್ಟು ಬೆಳಕಿರಲಿಲ್ಲ. ತದಡಿ ಎದುರಿನ ಗುಡ್ಡದಿಂದ ಅಳಿವೆ ಬಾಯಿಗೆ ಬರುವ ಗೂನುಬೆನ್ನಿನ ಡಾಲ್ಫಿನ್ ನೋಡಿದ್ದೂ ಇದೆ. ಅದಕ್ಕೆ ದೋಣಿ ಖರ್ಚೇ ಬೇಡ, ಬೈನಾಕ್ಯುಲರ್ ಸಾಕು.

ಅಷ್ಟಮಿ ಆಸುಪಾಸಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಭರತ ಸಣ್ಣದು, ಕೆಸರು ಪೂರ್ತಿ ಮುಳುಗುವುದಿಲ್ಲ, ಹಕ್ಕಿಗೆ ಸರಿಯುವ ಅಗತ್ಯವೇ ಇಲ್ಲ. ಆ ದಿನ ಸುಮ್ನೆ ಮನೆಯಲ್ಲಿರಿ.

ಈ ಏಪ್ರಿಲ್‌ನಲ್ಲಿ, ಪ್ಲೋವರ್‌ಗಳ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗುವ ಹೊತ್ತಿಗೆ, ಶರಾವತಿ ಅಳಿವೆಯಲ್ಲೂ ಕೂತು ನೋಡಬೇಕು ಅಂತಿದ್ದೇನೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಭರತದ ಲೆಕ್ಕ ನೇರ. ಶರಾವತಿಯಲ್ಲಿ ಗೇರುಸೊಪ್ಪೆಯಿಂದ ಬಿಡುವ ನೀರೂ ಸೇರುತ್ತದೆ. ಹೊನ್ನಾವರದ ಕಡೆಯವರು ಯಾರಾದರೂ ಅಲ್ಲಿ ಕೆಸರು ಮುಳುಗುವ ಹೊತ್ತು ಗುರುತು ಹಾಕಿಟ್ಟಿದ್ದರೆ ತಿಳಿಸಿ, ಒಟ್ಟಿಗೇ ಕೂರೋಣ.